ಆಯಿಲ್ ಮರೆತರೆ ಪಿಸ್ಟನ್ ಸೀಜ್!

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಅಲ್ಲಿ ತಯಾರಾದ ನಮ್ಮ 250 ಸಿಸಿ ಯೆಜ್ಡಿ ಮಾತ್ರ ಈಗಲೂ ಅಡಿಕೆ ಮೂಟೆ ಹೊತ್ತು ತೋಟದ ಏರು ಹತ್ತುತ್ತದೆ.

ಇದರದ್ದು ಟೂ-ಸ್ಟ್ರೋಕ್ ಎಂಜಿನ್. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ರಿಪೇರಿ ಸಲೀಸು. ಆದರೆ ಪಿಸ್ಟನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜತೆಗೇ. ಒಮ್ಮೆ ಗಡಿಬಿಡಿಯಲ್ಲಿ ಆಯಿಲ್ ಬೆರೆಸದೆ ಹೊರಟೆ. ಏರಿನಲ್ಲೇ ಪಿಸ್ಟನ್ ಸೀಜ್! ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದ ದುಡ್ಡಿಗೆ ವರ್ಷಗಟ್ಟಲೆ ಆಯಿಲ್ ಬರುತ್ತಿತ್ತು. ಈಗ ಅಳತೆಪಾತ್ರೆ ಗಾಡಿಯಲ್ಲೇ ಇರುತ್ತದೆ. ಸೈಲೆನ್ಸರಿನ ಮಸಿಯನ್ನೂ ಆಗಾಗ ಕೆರೆಯುತ್ತೇನೆ; ಮಸಿ ಕಟ್ಟಿದರೆ ಎಳೆತ ಕುಗ್ಗುತ್ತದೆ.

ನಿಜ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ದಿನಾ ಪೇಟೆಗೆ ಓಡಾಡುವವರಿಗೆ 100 ಸಿಸಿ ಫೋರ್-ಸ್ಟ್ರೋಕೇ ಲಾಭ. ಅದರಲ್ಲೂ ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸದಿದ್ದರೆ ಎಂಜಿನ್ ಬಾಳದು. ಹಳೆ ಗಾಡಿಯನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಲೆಕ್ಕ ಹಾಕಿ ನೋಡಿ.