ಮಾರಿದ ಮನೆಯ ಮುಂದೆ

ಯಲಚೇನಹಳ್ಳಿ ಮೆಟ್ರೊ ನಿಲ್ದಾಣದಲ್ಲಿಳಿದ ಹಿರಿಯ ಶ್ರಾವಕಿಯೊಬ್ಬರು ಕುಮಾರಸ್ವಾಮಿ ಲೇಔಟ್‌ನ ಕಡೆಗೆ ನಡೆದು ಬಂದರು. 20 ವರ್ಷಗಳ ಹಿಂದೆ ಮಾರಿದ ಮನೆಯನ್ನೊಮ್ಮೆ ನೋಡಿ ಹೋಗುವ ಆಸೆ. ಅಂದು ಇತ್ತ ಮೆಟ್ರೊ ಇರಲಿಲ್ಲ. ಹಸಿರು ಮಾರ್ಗ ಯಲಚೇನಹಳ್ಳಿಯನ್ನು ಮುಟ್ಟಿದ್ದು 2017ರಲ್ಲಿ. 30×40 ಅಡಿಯ ನಿವೇಶನದಲ್ಲಿ ಮುಂದೆ ಪಾರಿಜಾತ, ಹಿಂದೆ ನುಗ್ಗೆ, ಬಚ್ಚಲ ನೀರುಂಡು ಬೆಳೆದ ಬಾಳೆ, ಕಾಂಪೌಂಡಿಗೆ ಹಬ್ಬಿದ ಮಲ್ಲಿಗೆ ಇದ್ದವು. ಈಗ ಅಲ್ಲಿ ನಾಲ್ಕು ಅಂತಸ್ತಿನ ಕಟ್ಟಡ. ಪಾರಿಜಾತವಿದ್ದೆಡೆ ಎರಡು ಕಾರುಗಳು. ಗೇಟಿನ ಪಕ್ಕದ ಕರಿಕಲ್ಲಿನ ಮೇಲೆ ಬೇರೆಯವರ ಹೆಸರು. ಮೊದಲು ಉಕ್ಕಿದ್ದು ದುಃಖವಲ್ಲ, ಕೋಪ: ನಮ್ಮ ಮರವನ್ನು ಕಡಿದುಬಿಟ್ಟರಲ್ಲ!

ದಕ್ಷಿಣ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಇಂಥ ದೃಶ್ಯ ಅಪರೂಪವಲ್ಲ.

'ನಮ್ಮ' ಎಂಬ ಈ ಮಾತಿನ ಮೇಲೆಯೇ ಜೈನಾಚಾರ್ಯರ ಕಣ್ಣು. ಶ್ರಾವಕನು ಮಿತಿ ಹಾಕಿಕೊಳ್ಳಬೇಕಾದ ಪರಿಗ್ರಹಗಳಲ್ಲಿ ಕ್ಷೇತ್ರ ಮತ್ತು ವಾಸ್ತು, ಅಂದರೆ ಹೊಲ ಮತ್ತು ಮನೆ, ಮೊದಲಿಗೇ ಬರುತ್ತವೆ. ಆದರೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ವಸ್ತುವಿನಿಂದ ಅಳೆಯಲಿಲ್ಲ, ಮೂರ್ಛೆಯಿಂದ ಅಳೆದರು. ಇಲ್ಲಿ ಮೂರ್ಛೆಯೆಂದರೆ ಮಮಕಾರ. ಕ್ರಯಪತ್ರಕ್ಕೆ ಸಹಿ ಬಿದ್ದ ದಿನವೇ ಮನೆ ಕೈಬಿಟ್ಟಿತ್ತು, ಖಾತೆಯೂ ಬದಲಾಗಿತ್ತು. ಮೂರ್ಛೆಗೆ ನೋಂದಣಿ ಕಚೇರಿಯಿಲ್ಲ.

ಹಾಗೆಂದು ಆ ನೋವನ್ನು ಬರಿಯ ಮೋಹವೆಂದು ತಳ್ಳಿಹಾಕುವುದೂ ಸರಿಯಲ್ಲ. ಮರವು ವನಸ್ಪತಿಕಾಯದ ಏಕೇಂದ್ರಿಯ ಜೀವ. ಸ್ಪರ್ಶವೊಂದೇ ಅದರ ಇಂದ್ರಿಯ. ಅದಕ್ಕೆ ಕೊಡಲಿ ಬಿದ್ದಾಗ ಮರುಗುವುದು ದಯೆ, ಧರ್ಮದ ಮೂಲ. ಆದರೆ ಮರುಕ ಜೀವಕ್ಕೋ, ಸ್ವಾಮ್ಯಕ್ಕೋ? ನಿಲ್ದಾಣದಿಂದ ಬರುವ ದಾರಿಯಲ್ಲಿ ಬುಡವಷ್ಟೇ ಉಳಿದ ಹೊಂಗೆಯೊಂದನ್ನು ಅವರು ದಾಟಿ ಬಂದಿದ್ದರು. ತಿರುಗಿ ನೋಡಿರಲಿಲ್ಲ. ಅದು ಯಾರ ಮನೆಯ ಮರವೂ ಆಗಿರಲಿಲ್ಲ.

ಪಂಪನು 941ರಲ್ಲಿ ರಚಿಸಿದ ಆದಿಪುರಾಣದಲ್ಲಿ ಕರಿಕಲ್ಲಿನ ಆ ನಾಮಫಲಕವನ್ನು ನೆನಪಿಸುವ ಪ್ರಸಂಗವೊಂದಿದೆ. ಷಟ್ಖಂಡಗಳನ್ನು ಗೆದ್ದ ಭರತ ಚಕ್ರವರ್ತಿ ತನ್ನ ಕೀರ್ತಿಯನ್ನು ಕೆತ್ತಿಸಲು ವೃಷಭಾಚಲಕ್ಕೆ ಬರುತ್ತಾನೆ. ತಾನೇ ಮೊದಲಿಗನೆಂಬ ಗರ್ವ. ನೋಡಿದರೆ ಬಂಡೆಯ ತುಂಬ ಹಿಂದಿನ ಚಕ್ರವರ್ತಿಗಳ ಹೆಸರುಗಳು. ಒಂದು ಸಾಲಿಗೂ ತೆರಪಿಲ್ಲ. ಗರ್ವ ಅಲ್ಲಿಯೇ ಮುರಿಯುತ್ತದೆ. ಆದರೂ ಅವನು ಬರಿಗೈಯಲ್ಲಿ ಮರಳುವುದಿಲ್ಲ ಎಂಬುದೇ ಈ ಕಥೆಯ ಕಟುಸತ್ಯ. ಯಾರದೋ ಹೆಸರನ್ನು ಅಳಿಸಿ ತನ್ನದನ್ನು ಬರೆಯಿಸುತ್ತಾನೆ. ಕುಮಾರಸ್ವಾಮಿ ಲೇಔಟ್ ಕೂಡ ನಿವೇಶನಗಳಾಗುವ ಮುನ್ನ ಹಳ್ಳಿಯವರ ಹೊಲವಾಗಿತ್ತು. ಪಾರಿಜಾತ ನೆಟ್ಟ ದಿನ ಆ ಮಣ್ಣಿನಲ್ಲಿ ಯಾರ 'ನಮ್ಮ' ಅಳಿಸಿಹೋಯಿತೆಂದು ಶ್ರಾವಕಿ ಕೇಳಿರಲಿಲ್ಲ.

ಗೇಟಿನೊಳಗಿಂದ ಯುವತಿಯೊಬ್ಬಳು ಬಂದಳು. "ಯಾರು ಬೇಕಿತ್ತು ಆಂಟಿ?"

"ಇಲ್ಲೊಂದು ಪಾರಿಜಾತದ ಮರ ಇತ್ತಮ್ಮ."

"ಹೌದಾ? ನಮಗೆ ಗೊತ್ತಿಲ್ಲ. ನಾವು ಬಾಡಿಗೆಗಿರೋರು, ಓನರ್ ಇಲ್ಲಿರಲ್ಲ."

ಕೂಡಿಸಿಟ್ಟ ಕೋಪವನ್ನು ಒಪ್ಪಿಸಲು ಅಲ್ಲಿ ಯಾರೂ ಇರಲಿಲ್ಲ. ಬಿಸಿಲಿಗೆ ಬಳಲಿದ್ದ ಮುಖವನ್ನು ನೋಡಿ ಆಕೆಯೇ, "ನೀರು ಕುಡೀತೀರಾ?" ಎಂದಳು. ಶ್ರಾವಕಿ ಅಭ್ಯಾಸದಂತೆ ಆಕಾಶವನ್ನು ನೋಡಿದರು. ಸೂರ್ಯಾಸ್ತಕ್ಕೆ ಇನ್ನೂ ಹೊತ್ತಿತ್ತು. ಲೋಟವನ್ನು ತೆಗೆದುಕೊಂಡು, ಕಾರುಗಳ ಪಕ್ಕದ ಮೆಟ್ಟಿಲ ಮೇಲೆ ಕುಳಿತು ಕುಡಿದರು.