ಒಂದೇ ಹೆಸರಿನ ಎರಡು ಕಡತ

ನಮ್ಮ ಬುಕ್ಕಾಂಬುಧಿಯ ಸುತ್ತ ತೋಟ ಮಾಡಿದವರಿಗೆ ಲೆಕ್ಕದ ಪುಸ್ತಕ ಹೊಸದಲ್ಲ. ಕೊಳವೆ ಬಾವಿ ಎಷ್ಟು ಅಡಿ ಹೋಯಿತು, ಗೊಬ್ಬರ ಎಷ್ಟು ಗಾಡಿ ಬಂತು, ಮಂಡಿಯ ಪಟ್ಟಿಯಲ್ಲಿ ರಾಶಿ ಎಷ್ಟು, ಗೊರಬಲು ಎಷ್ಟು ಎಂಬುದನ್ನೆಲ್ಲ ಹಿರಿಯರು ಬರೆದು ಗೋಡೆಯ ಗೂಡಿನಲ್ಲಿಡುತ್ತಿದ್ದರು. ಲಿಂಗದಹಳ್ಳಿ ಕಡೆಯ ಕಾಫಿ ಬೆಳೆಗಾರ ಬಾಂಧವರಂತೂ ಮಳೆಯನ್ನು ಇಂಚು, ಸೆಂಟುಗಳಲ್ಲಿ ದಿನವಹಿ ಬರೆದಿಡುವವರು. ಈಗ ಈ ಕೆಲಸ ಅನೇಕರ ಮನೆಯಲ್ಲಿ ಗಣಕಯಂತ್ರಕ್ಕೆ, ಅಂದರೆ ಕಂಪ್ಯೂಟರಿಗೆ, ಬಂದಿದೆ. ಬಂದುದು ಒಳ್ಳೆಯದೇ. ಆದರೆ ಅದನ್ನು ಸರಿಯಾಗಿ ಕಲಿಯದೆ ಕೈಹಾಕಿ ನಾನು ಪಟ್ಟ ಪಾಡನ್ನು ಸದಸ್ಯ ಬಾಂಧವರ ಮುಂದಿಡುವುದು ಉಚಿತವೆಂದು ತೋರಿ ಇದನ್ನು ಬರೆಯುತ್ತಿದ್ದೇನೆ.

ಕಳೆದ ಸುಗ್ಗಿಯಲ್ಲಿ ತೋಟವನ್ನು ಚೇಣಿಗೆ ಕೊಟ್ಟಿದ್ದೆ. ಹಸಿ ಅಡಿಕೆಯ ತೂಕದ ಮೇಲೆ ಲೆಕ್ಕ. ತೂಕದ ಚೀಟಿಯನ್ನು ಸಂಜೆ ಮನೆಗೆ ತಂದು, ಮಗ ಬಿಟ್ಟುಹೋದ ಕಂಪ್ಯೂಟರಿನಲ್ಲಿ 'ಚೇಣಿ ಲೆಕ್ಕ' ಎಂಬ ಕಡತಕ್ಕೆ ಏರಿಸುತ್ತಿದ್ದೆ. ಏರಿಸಿದ ಮೇಲೆ ಚೀಟಿ ಬಚ್ಚಲ ಒಲೆಗೆ. ಎರಡು ಕೊಯ್ಲು ಮುಗಿದಾಗ, ಅಜ್ಜಂಪುರದಲ್ಲಿ ಅಚ್ಚು ಹಾಕಿಸೋಣವೆಂದು ಕಡತದ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿಕೊಂಡೆ. ಹೋಗಲು ಆಗಲಿಲ್ಲ. ಅಷ್ಟರಲ್ಲಿ ಮೂರನೆಯ ಕೊಯ್ಲೂ ಆಗಿ, ಅದರ ತೂಕವನ್ನು ಮನೆಯ ಕಡತದಲ್ಲಿ ಬರೆದೆ. ಒಂದು ದಿನ 'ಎರಡೂ ಕಡೆ ಒಂದೇ ಇರಲಿ' ಎಂದು ಪೆನ್‌ಡ್ರೈವಿನದನ್ನು ಎಳೆದು ಮನೆಯ ಕಡತವಿದ್ದ ಜಾಗಕ್ಕೆ ಬಿಟ್ಟೆ. ಯಂತ್ರ ಇಂಗ್ಲಿಷಿನಲ್ಲಿ ಏನೋ ಪ್ರಶ್ನೆ ಕೇಳಿತು. ಮೊದಲನೆಯ ಸಾಲನ್ನೇ ಒತ್ತಿದೆ. ಮೂರನೆಯ ಕೊಯ್ಲು ಮಾಯವಾಯಿತು. ಆದರೆ ಆಗ ನನಗದು ಗೊತ್ತಿರಲಿಲ್ಲ.

ಲೆಕ್ಕ ಚುಕ್ತಾ ಮಾಡುವ ದಿನ ಚೇಣಿ ಹಿಡಿದವರು ಜಗುಲಿಯಲ್ಲಿ ಕುಳಿತು, ಅಂಗಿ ಜೇಬಿನಿಂದ ಸಣ್ಣ ಪುಸ್ತಕ ತೆಗೆದು, "ಯಜಮಾನ್ರೇ, ನಿಮ್ಮ ಲೆಕ್ಕದಾಗೆ ಮೂರನೇ ಕೊಯ್ಲೇ ಇಲ್ವಲ್ಲ" ಎಂದರು. ಅವರ ಪುಸ್ತಕದಲ್ಲಿ 18 ಕ್ವಿಂಟಾಲ್ ಎಂದಿತ್ತು. ನನ್ನ ಮನಸ್ಸಿನಲ್ಲಿ 20ರ ಮೇಲೆ ಎಂಬ ನೆನಪು. ಮನೆಯಾಕೆಗೂ ಹಾಗೆಯೇ ನೆನಪು. ಅವರು ಮೋಸ ಮಾಡಿದರೆಂದು ನಾನು ಹೇಳುವುದಿಲ್ಲ. ತಾಳೆ ನೋಡಲು ನನ್ನ ಕೈಯಲ್ಲಿ ಏನೂ ಇರಲಿಲ್ಲ, ಅಷ್ಟೆ. ಅವರ ಅಂಕಿಯನ್ನೇ ಒಪ್ಪಿಕೊಂಡೆ.

ಆ ಮೇಲೆ ತಮ್ಮನ ಮಗಳನ್ನು ಕರೆದು ಮೊದಲಿನಿಂದ ಹೇಳಿಸಿಕೊಂಡೆ. ಅವಳು ಕೇಳಿದ ಮೊದಲ ಪ್ರಶ್ನೆ: "ದೊಡ್ಡಪ್ಪ, ನಿಮ್ಮ ಅಸಲು ಕಡತ ಯಾವುದು? ಅದು ಎಲ್ಲಿದೆ?" ಉತ್ತರ ನನ್ನ ಬಳಿ ಇರಲಿಲ್ಲ.

ಪರದೆಯ ಮೇಲೆ ಕಾಣುವ ಚಿತ್ರಗಳ ಏರ್ಪಾಡಿಗೆ ಡೆಸ್ಕ್‌ಟಾಪ್, ಅಂದರೆ ಮೇಜಿನ ಮೇಲ್ಭಾಗ, ಎಂದು ಹೆಸರು. ಇದು ಕಚೇರಿಯ ಗುಮಾಸ್ತರ ಮೇಜನ್ನು ನೋಡಿ ಮಾಡಿದ್ದು. ಮೌಸ್ ಎಂಬ ಕೈಗೂಡು ಮೊದಲು ಮರದ ಡಬ್ಬಿಯಾಗಿತ್ತು; ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟ್ 1968ರಲ್ಲಿ ಅದನ್ನು ಸಭೆಯಲ್ಲಿ ತೋರಿಸಿದರು. ಮಂಗಳೂರಿನಲ್ಲಿ ನಮ್ಮ ಕ್ಯಾಂಪ್ಕೊ ಹುಟ್ಟಿದ 1973ರಲ್ಲೇ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ಚಿತ್ರಪರದೆಯ ಆಲ್ಟೊ ಯಂತ್ರ ಸಿದ್ಧವಾಯಿತು. ಅದೇ ಸಂಸ್ಥೆ 1981ರಲ್ಲಿ ಮಾರಾಟಕ್ಕೆ ತಂದ ಸ್ಟಾರ್ ಯಂತ್ರದಲ್ಲಿ ಕಡತ, ಕಡತದ ಚೀಲ ಎಲ್ಲವೂ ಸಣ್ಣ ಚಿತ್ರಗಳಾಗಿ ಕುಳಿತಿದ್ದವು.

ಆದರೆ ಈ ಮೇಜು ನಮ್ಮನ್ನು ಒಂದು ವಿಷಯದಲ್ಲಿ ದಾರಿ ತಪ್ಪಿಸುತ್ತದೆ. ಕಾಗದದ ಲೋಕದಲ್ಲಿ ಅಸಲು ಒಂದೇ. ನಕಲನ್ನು ಕಂಡ ಕೂಡಲೇ ನಕಲೆಂದು ಗುರುತಿಸುತ್ತೇವೆ. ಯಂತ್ರದಲ್ಲಿ ನಕಲು ಅಸಲಿನಷ್ಟೇ ಅಸಲು. ಪ್ರತಿ ಮಾಡಿದ ಕ್ಷಣದಿಂದ ಅವೆರಡೂ ಪಾಲಾದ ಅಣ್ಣತಮ್ಮಂದಿರಂತೆ ಬೇರೆ ಬೇರೆ. ಒಂದರಲ್ಲಿ ಬರೆದದ್ದು ಇನ್ನೊಂದಕ್ಕೆ ತಾನಾಗಿ ಹೋಗದು. ಹೆಸರು ಮಾತ್ರ ಒಂದೇ.

ಎಳೆದು ಬಿಡುವಾಗಲೂ ಒಂದು ಸೂಕ್ಷ್ಮವಿದೆ. ವಿಂಡೋಸ್ ಯಂತ್ರದಲ್ಲಿ ಪೆನ್‌ಡ್ರೈವಿನಿಂದ ಕಂಪ್ಯೂಟರಿಗೆ ಎಳೆದರೆ ಪ್ರತಿಯಾಗುತ್ತದೆ, ಮೂಲ ಅಲ್ಲೇ ಉಳಿಯುತ್ತದೆ. ಒಂದೇ ಡ್ರೈವಿನೊಳಗೆ ಎಳೆದರೆ ಕಡತವೇ ಎದ್ದು ಹೊಸ ಜಾಗಕ್ಕೆ ಹೋಗುತ್ತದೆ. ಅಲ್ಲಿ ಅದೇ ಹೆಸರಿನದು ಮೊದಲೇ ಇದ್ದರೆ ಯಂತ್ರ ಮೂರು ದಾರಿ ತೋರಿಸುತ್ತದೆ: ಇದ್ದುದನ್ನು ತೆಗೆದು ಇದನ್ನಿಡು, ಬಿಟ್ಟುಬಿಡು, ಎರಡನ್ನೂ ಹೋಲಿಸಿ ನೋಡು. ನಾನು ಒತ್ತಿದ್ದು ಮೊದಲನೆಯದು. ಮೂರನೆಯದನ್ನು ಒತ್ತಿದ್ದರೆ ಎರಡೂ ಕಡತಗಳ ದಿನಾಂಕ, ಗಾತ್ರ ಪಕ್ಕಪಕ್ಕದಲ್ಲೇ ಕಾಣುತ್ತಿದ್ದವು. ಎರಡಕ್ಕೂ ಗುರುತು ಹಾಕಿದ್ದರೆ ಎರಡೂ ಉಳಿಯುತ್ತಿದ್ದವು.

ಕಸದ ಬುಟ್ಟಿಯಲ್ಲಿ ಹುಡುಕಬಹುದಲ್ಲ ಎಂದು ನಾನೂ ಕೇಳಿದೆ. ನಾವು ಅಳಿಸಿದ ಕಡತ ಆ ಬುಟ್ಟಿಯಲ್ಲಿ ಇರುತ್ತದೆ, ನಿಜ. ಬುಟ್ಟಿ ಖಾಲಿ ಮಾಡುವವರೆಗೆ ವಾಪಸು ತರಬಹುದು. ಆದರೆ ಹೀಗೆ ಒಂದರ ಮೇಲೊಂದು ಕುಳಿತು ಹೋದದ್ದು ಅಲ್ಲಿಗೆ ಹೋಗುವುದಿಲ್ಲ. ಪೆನ್‌ಡ್ರೈವಿನಿಂದ ಅಳಿಸಿದ್ದೂ ಹೋಗುವುದಿಲ್ಲ.

ಇನ್ನು ಮೂಲೆಯಲ್ಲಿ ಪುಟ್ಟ ಬಾಣದ ಗುರುತಿರುವ ಚಿತ್ರಗಳು. ಅವು ಕಡತಗಳಲ್ಲ, ರಸ್ತೆಯಲ್ಲಿ ನೆಟ್ಟ ಊರಿನ ಹಲಗೆಗಳು. ಹಲಗೆ ಕಿತ್ತರೆ ಊರು ಹೋಗುವುದಿಲ್ಲ. ಹಾಗೆಯೇ ಹಲಗೆಯನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಅಜ್ಜಂಪುರಕ್ಕೆ ಹೋದರೆ ಅಲ್ಲಿ ಏನೂ ತೆರೆಯುವುದಿಲ್ಲ. ಡೆಸ್ಕ್‌ಟಾಪೂ ಯಂತ್ರದ ಒಳಗಿನ ಒಂದು ಚೀಲವೇ, ಸಾಮಾನ್ಯವಾಗಿ ಸಿ ಡ್ರೈವಿನಲ್ಲಿರುವುದು. ಕೆಟ್ಟ ಯಂತ್ರವನ್ನು ಸರಿಪಡಿಸುವವರು ಸಿ ಡ್ರೈವ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದರೆ ಮೇಜಿನ ಮೇಲಿದ್ದುದೆಲ್ಲ ಅದರೊಡನೆ ಹೋಗುತ್ತದೆ.

ಹೆಸರಿಡುವುದಕ್ಕೆ ಅವಳು ಹೇಳಿಕೊಟ್ಟ ರೀತಿ ನನಗೆ ಹಿಡಿಸಿತು. ವರ್ಷ, ತಿಂಗಳು, ದಿನ, ಆಮೇಲೆ ವಿಷಯ: '2024-11-05 ಚೇಣಿ ತೂಕ' ಎಂಬಂತೆ. ಹೆಸರಿನ ಅನುಕ್ರಮದಲ್ಲಿ ನೋಡಿದಾಗ ಕಾಲಕ್ರಮದಲ್ಲೇ ಸಾಲಾಗಿ ನಿಲ್ಲುತ್ತವೆ. ನಾವು ಕಾಗದದ ಮೇಲೆ ಹಾಕುವ ಓರೆಗೆರೆಯನ್ನು ವಿಂಡೋಸ್ ಕಡತದ ಹೆಸರಿನಲ್ಲಿ ಒಪ್ಪುವುದಿಲ್ಲ, ಅಡ್ಡಗೆರೆಯನ್ನೇ ಹಾಕಬೇಕು. ಹೆಸರು ಕನ್ನಡದಲ್ಲೇ ಇರಬಹುದು. ಆದರೆ ಹಳೆಯ ನುಡಿ ಅಕ್ಷರಗಳಲ್ಲಿ ಬರೆದ ಕಡತ, ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ. ಯೂನಿಕೋಡಿನಲ್ಲಿ ಬರೆದರೆ ಆ ತೊಂದರೆಯಿಲ್ಲ.

ನಮ್ಮ ಪಹಣಿಯ ಕಥೆ ಇಲ್ಲಿ ನೆನಪಾಗುತ್ತದೆ. ಭೂಮಿ ಯೋಜನೆಯಲ್ಲಿ ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ಕೆಲಸ ಮುಗಿದ ತಾಲ್ಲೂಕಿನಲ್ಲಿ ಕೈಬರಹದ ಪಹಣಿ ಇನ್ನು ಮುಂದೆ ನಡೆಯದೆಂದು ಸರ್ಕಾರ ಸಾರಿತು. ಹೊಸದರಲ್ಲಿ ಹೆಸರು ತಪ್ಪಾಗಿ ತಿದ್ದುಪಡಿಗೆ ಅಲೆದವರು ನಮ್ಮಲ್ಲೂ ಉಂಟು. ಆದರೂ ಇಂದಿನಿಂದ ಯಾವುದು ಅಸಲು ಎಂಬುದನ್ನು ಅವರು ಮೊದಲೇ ಗೊತ್ತುಮಾಡಿದ್ದರು. ನಾನು ಅದನ್ನು ಮಾಡಿರಲಿಲ್ಲ.

ಈ ಸಲ ಮನೆಯ ಯಂತ್ರದಲ್ಲಿ 'ತೋಟ' ಎಂಬ ಒಂದೇ ಚೀಲ, ಅದು ಡಿ ಡ್ರೈವಿನಲ್ಲಿ. ಬರೆಯುವುದು ಅಲ್ಲಿ ಮಾತ್ರ. ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದ ಕಾರಣ ನಾಲ್ಕು ಸಾಲಿಗೊಮ್ಮೆ ಉಳಿಸುವ ಗುಂಡಿ ಒತ್ತುತ್ತೇನೆ. ಭಾನುವಾರ ಪೆನ್‌ಡ್ರೈವಿಗೆ ಆ ದಿನದ ತಾರೀಖಿನ ಹೊಸ ಹೆಸರಲ್ಲಿ ಪ್ರತಿ. ಅಲ್ಲಿಂದ ವಾಪಸು ಏನನ್ನೂ ಎಳೆಯುವುದಿಲ್ಲ. ತೂಕದ ಚೀಟಿಗಳು ಚುಕ್ತಾ ಆಗುವವರೆಗೆ ಬಿಸ್ಕತ್ತಿನ ಡಬ್ಬಿಯಲ್ಲಿರುತ್ತವೆ. ಮನೆಯಾಕೆ ಆ ಡಬ್ಬಿಯನ್ನು ಬಚ್ಚಲ ಹತ್ತಿರವೂ ಸುಳಿಯಗೊಡುವುದಿಲ್ಲ.