ರೀಲು, ಕ್ಯಾಮೆರಾ, ಕತ್ತಲಕೋಣೆ

ಫಿಲ್ಮ್ ಕ್ಯಾಮೆರಾ ತಾನೊಂದೇ ಇದ್ದು ಬದುಕುವ ಯಂತ್ರವಲ್ಲ. ಅದಕ್ಕೆ ರೀಲು ಬೇಕು, ರೀಲು ತೊಳೆಯುವ ಲ್ಯಾಬ್ ಬೇಕು, ಕೆಟ್ಟಾಗ ಬಿಚ್ಚಿ ಸರಿಪಡಿಸುವ ಕೈ ಬೇಕು. ಈ ನಾಲ್ಕು ಕೊಂಡಿಗಳಲ್ಲಿ ಒಂದು ಕಳಚಿದರೂ ಉಳಿದ ಮೂರರಿಂದ ಉಪಯೋಗವಿಲ್ಲ. ಡಿಜಿಟಲ್ ಕಾಲದಲ್ಲಿ ಹೊಸ ಫಿಲ್ಮ್ ಕ್ಯಾಮೆರಾ ತಯಾರಿಸಬೇಕೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗ ಈ ಇಡೀ ಸರಪಳಿಯನ್ನು ನೋಡಬೇಕಾಗುತ್ತದೆ. ತಮಿಳುನಾಡಿನ ತೇನಿ ಮತ್ತು ದಿಂಡಿಗಲ್ ಸೀಮೆಯಲ್ಲಿ ಅದಕ್ಕೆ ಒಳ್ಳೆಯ ಸಾಕ್ಷ್ಯವಿದೆ. ತೇನಿಯ ಉತ್ತರಕ್ಕೆ ಹಬ್ಬಿರುವ ಪಳನಿ ಬೆಟ್ಟಸಾಲಿನ ಮೇಲೆ, ದಿಂಡಿಗಲ್ ಜಿಲ್ಲೆಯ ಕೊಡೈಕೆನಾಲ್‌ನಲ್ಲಿ, ನೂರು ವರ್ಷಕ್ಕೂ ಹೆಚ್ಚು ಕಾಲ ಸೂರ್ಯನ ಚಿತ್ರಗಳು ಗಾಜಿನ ಫಲಕ ಮತ್ತು ಫಿಲ್ಮಿನ ಮೇಲೆ ಮೂಡಿವೆ.

ಚಿತ್ರ ಮೂಡುವ ಬಗೆ

ಫಿಲ್ಮ್ ಎಂದರೆ ತೆಳುವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಜೆಲಟಿನ್ ಲೇಪ. ಆ ಲೇಪದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿ ಲವಣದ ಹರಳುಗಳು. ಕ್ಯಾಮೆರಾದ ಷಟರ್ ಕ್ಷಣಕಾಲ ತೆರೆದಾಗ ಬೆಳಕು ತಾಗಿದ ಹರಳುಗಳಲ್ಲಿ ಸೂಕ್ಷ್ಮ ಬದಲಾವಣೆ ಆಗುತ್ತದೆ. ಆಗಲೇ ಏನೂ ಕಾಣುವುದಿಲ್ಲ. ಕತ್ತಲಕೋಣೆಯಲ್ಲಿ ಡೆವಲಪರ್ ದ್ರಾವಣಕ್ಕೆ ಹಾಕಿದಾಗ ಬೆಳಕು ಕಂಡ ಹರಳುಗಳು ಕಪ್ಪು ಬೆಳ್ಳಿಯಾಗುತ್ತವೆ. ಬೆಳಕು ಕಾಣದವು ಹೈಪೊ ಎಂಬ ದ್ರಾವಣದಲ್ಲಿ ಕರಗಿ ಹೋಗುತ್ತವೆ. ಉಳಿಯುವುದೇ ನೆಗೆಟಿವ್. ಬಣ್ಣದ ಫಿಲ್ಮಿನಲ್ಲಿ ಇಂಥ ಪದರಗಳು ಹಲವು. ಬೆಳ್ಳಿಯ ಜಾಗದಲ್ಲಿ ಕೊನೆಗೆ ಬಣ್ಣದ ದ್ರವ್ಯ ನಿಲ್ಲುತ್ತದೆ.

ಡಿಜಿಟಲ್ ಕ್ಯಾಮೆರಾದಲ್ಲಿ ಹರಳುಗಳ ಕೆಲಸವನ್ನು ಸಿಲಿಕಾನ್ ಸೆನ್ಸರ್ ಮಾಡುತ್ತದೆ. ಬಿದ್ದ ಬೆಳಕು ವಿದ್ಯುತ್ತಾಗಿ, ವಿದ್ಯುತ್ತು ಅಂಕಿಯಾಗಿ ಕಾರ್ಡಿಗೆ ಸೇರುತ್ತದೆ. ಇಂಥ ಕ್ಯಾಮೆರಾವನ್ನು ಮೊದಲು ಕಟ್ಟಿದ್ದು ಫಿಲ್ಮಿನ ದೊಡ್ಡ ವ್ಯಾಪಾರಿಯಾದ ಕೊಡಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್, 1975ರಲ್ಲಿ. ಅದರ ಚಿತ್ರದಲ್ಲಿದ್ದುದು 10,000 ಚುಕ್ಕೆ ಮಾತ್ರ, ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಸೇರಲು 23 ಸೆಕೆಂಡು ಹಿಡಿಯುತ್ತಿತ್ತು. ಮೂರು ದಶಕ ಕಳೆಯುವಷ್ಟರಲ್ಲಿ ಇದೇ ವಿದ್ಯೆ ರೀಲಿನ ಮಾರುಕಟ್ಟೆಯನ್ನು ಬಹುಪಾಲು ನುಂಗಿಹಾಕಿತು. ಕೊಡಕ್ 2012ರ ಜನವರಿಯಲ್ಲಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೊರೆ ಹೋಯಿತು.

ಕೊಡೈಕೆನಾಲಿನ ಸೂರ್ಯ

ಕೊಡೈಕೆನಾಲ್ ಸೌರ ವೀಕ್ಷಣಾಲಯ 1899ರಲ್ಲಿ ಶುರುವಾಯಿತು. ಅದರ ಮೊದಲ ನಿರ್ದೇಶಕ ಚಾರ್ಲ್ಸ್ ಮಿಚಿ ಸ್ಮಿತ್. ಇಂದು ಅದನ್ನು ನಡೆಸುತ್ತಿರುವುದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ. 1904ರಿಂದ ಇಲ್ಲಿ ಸೂರ್ಯಬಿಂಬದ ಸಾಮಾನ್ಯ ಬೆಳಕಿನ ಚಿತ್ರಗಳನ್ನು ತೆಗೆಯಲಾಯಿತು. 1907ರಿಂದ ಕ್ಯಾಲ್ಸಿಯಂ ಸೂಸುವ ನೇರಳೆ ಬೆಳಕಿನಲ್ಲಿ, 1912ರಿಂದ ಜಲಜನಕದ ಕೆಂಪು ಬೆಳಕಿನಲ್ಲಿ ತೆಗೆದ ಚಿತ್ರಗಳೂ ಸೇರಿಕೊಂಡವು. ಆಕಾಶ ತಿಳಿಯಾಗಿದ್ದ ದಿನಗಳಲ್ಲಿ ಬಿಡದೆ ನಡೆದ ಕೆಲಸವಿದು.

ಒಂದೇ ಬಣ್ಣದ ಬೆಳಕಿನಲ್ಲಿ ಸೂರ್ಯನನ್ನು ಚಿತ್ರಿಸಲು ಸ್ಪೆಕ್ಟ್ರೋಹೀಲಿಯೋಗ್ರಾಫ್ ಎಂಬ ಉಪಕರಣವನ್ನು ಬಳಸಲಾಗುತ್ತಿತ್ತು. ಸೂರ್ಯಬಿಂಬ ಒಂದು ಕಿರಿದಾದ ಸೀಳಿನ ಮೇಲೆ ಮೆಲ್ಲನೆ ಸರಿಯುತ್ತದೆ. ಸೀಳಿನಿಂದ ಬಂದ ಬೆಳಕು ಬಣ್ಣಗಳಾಗಿ ಒಡೆಯುತ್ತದೆ. ಬೇಕಾದ ಬಣ್ಣವೊಂದು ಮಾತ್ರ ಎರಡನೆಯ ಸೀಳಿನ ಮೂಲಕ ಹಾದು ಫಲಕದ ಮೇಲೆ ಬೀಳುತ್ತದೆ. ಹೀಗೆ ಗೆರೆಗೆ ಗೆರೆ ಸೇರಿ ಪೂರ್ತಿ ಬಿಂಬ ಮೂಡುತ್ತದೆ. ಯಂತ್ರ ಅಲುಗದೆ ಒಂದೇ ವೇಗದಲ್ಲಿ ಸಾಗಬೇಕು, ಫಲಕದ ಲೇಪ ಎಲ್ಲ ಕಡೆ ಒಂದೇ ಸಮನಾಗಿರಬೇಕು. ಅಂದರೆ ಇಲ್ಲಿಯೂ ಉಪಕರಣ, ಲೇಪ ಮತ್ತು ಕತ್ತಲಕೋಣೆ ಒಂದನ್ನೊಂದು ನಂಬಿಕೊಂಡೇ ಇದ್ದವು.

ಬೆಳಕನ್ನು ಫಲಕದ ಮೇಲೆ ಹಿಡಿಯುವ ಕೆಲಸದಿಂದ ಬಂದ ದೊಡ್ಡ ಫಲ ವೀಕ್ಷಣಾಲಯದ ಖಗೋಳ ವಿಜ್ಞಾನಿ ಜಾನ್ ಎವರ್‌ಶೆಡ್ ಅವರದು. 1909ರ ಜನವರಿಯಲ್ಲಿ ಅವರು ಸೂರ್ಯಕಲೆಗಳ ರೋಹಿತವನ್ನು, ಅಂದರೆ ಬಣ್ಣಗಳಾಗಿ ಒಡೆದ ಬೆಳಕನ್ನು, ಫಲಕದ ಮೇಲೆ ಹಿಡಿದು ನೋಡಿದಾಗ ಅದರಲ್ಲಿನ ಗೆರೆಗಳು ತಮ್ಮ ಜಾಗದಿಂದ ಒಂದಿಷ್ಟು ಸರಿದಿದ್ದವು. ಕಲೆಯ ಅಂಚಿನಲ್ಲಿ ಅನಿಲ ಹೊರಮುಖವಾಗಿ ಹರಿಯುತ್ತಿದೆ ಎಂಬುದು ಅದರಿಂದ ಗೊತ್ತಾಯಿತು. ಎವರ್‌ಶೆಡ್ ಪರಿಣಾಮವೆಂದು ಇಂದಿಗೂ ಜಗತ್ತಿನ ಖಗೋಳ ಪಠ್ಯಗಳಲ್ಲಿ ಹೆಸರಾಗಿರುವುದು ಇದೇ.

ಆ ಹಳೆಯ ಫಲಕಗಳು ಇಂದಿಗೂ ಕೆಲಸಕ್ಕೆ ಬರುತ್ತಿವೆ. ಸೂರ್ಯನ ಚಟುವಟಿಕೆ ಸುಮಾರು 11 ವರ್ಷಗಳಿಗೊಮ್ಮೆ ಏರಿ ಇಳಿಯುತ್ತದೆ. ಅಂಥ ಹತ್ತು ಚಕ್ರಗಳನ್ನು ಹೋಲಿಸಬೇಕಾದರೆ ನೂರು ವರ್ಷಕ್ಕೂ ಮಿಕ್ಕಿದ ದಾಖಲೆ ಬೇಕು, ಅಷ್ಟು ಹಿಂದಿನ ಡಿಜಿಟಲ್ ದಾಖಲೆ ಎಲ್ಲಿಯೂ ಇಲ್ಲ. ಕೊಡೈಕೆನಾಲಿನ ಫಲಕಗಳನ್ನು ಮೊದಲು ಕಡಿಮೆ ಸೂಕ್ಷ್ಮತೆಯಲ್ಲಿ ಸ್ಕ್ಯಾನ್ ಮಾಡಲಾಗಿತ್ತು. ಒಳ್ಳೆಯ ಸೆನ್ಸರ್ ಬಂದ ಮೇಲೆ ಅವೇ ಫಲಕಗಳನ್ನು 4096×4096 ಚುಕ್ಕೆಗಳ ಸೂಕ್ಷ್ಮತೆಯಲ್ಲಿ ಮತ್ತೆ ಸ್ಕ್ಯಾನ್ ಮಾಡಲಾಯಿತು. ಸುಮಾರು 1.2 ಲಕ್ಷ ಸೂರ್ಯಚಿತ್ರಗಳು ಈಗ ಡಿಜಿಟಲ್ ರೂಪದಲ್ಲಿವೆ. ಮೂಲ ಕೈಯಲ್ಲಿದ್ದುದರಿಂದಲೇ ಎರಡನೆಯ ಸಲ ಹೆಚ್ಚು ವಿವರ ಸಿಕ್ಕಿತು. ಮೊದಲೇ ಕಡಿಮೆ ಚುಕ್ಕೆಗಳಲ್ಲಿ ತೆಗೆದ ಡಿಜಿಟಲ್ ಚಿತ್ರದಿಂದ ಹಾಗೆ ಹೊಸ ವಿವರ ಹಿಂಡಲಾಗದು.

ಫಿಲ್ಮ್ ಸೋತದ್ದು ಎಲ್ಲಿ

ಇಷ್ಟಾದರೂ ವೀಕ್ಷಣಾಲಯ ಫಿಲ್ಮನ್ನು ಬಿಟ್ಟಿತು. ಕ್ಯಾಲ್ಸಿಯಂ ಬೆಳಕಿನ ಫಲಕ ಮತ್ತು ಫಿಲ್ಮ್ ಸರಣಿ 2007ಕ್ಕೆ ಮುಗಿಯಿತು. 2008ರಿಂದ ಸೆನ್ಸರ್ ಇರುವ ಜೋಡಿ ದೂರದರ್ಶಕ ಆ ಕೆಲಸಕ್ಕೆ ಬಂತು. ಕಾರಣ ಸರಳ. ಫಿಲ್ಮಿನ ಮೇಲೆ ಬಿದ್ದ ನೂರು ಬೆಳಕಿನ ಕಣಗಳಲ್ಲಿ ಒಂದೆರಡು ಮಾತ್ರ ಗುರುತು ಬಿಡುತ್ತವೆ. ಒಳ್ಳೆಯ ಸೆನ್ಸರ್ ಎಂಬತ್ತಕ್ಕೂ ಹೆಚ್ಚು ಕಣಗಳನ್ನು ಹಿಡಿಯುತ್ತದೆ. ಬೆಳಕು ಎರಡರಷ್ಟಾದರೆ ಸೆನ್ಸರಿನ ಅಂಕಿಯೂ ಎರಡರಷ್ಟಾಗುತ್ತದೆ. ಫಿಲ್ಮಿನ ಕಪ್ಪು ಹಾಗೆ ಲೆಕ್ಕಕ್ಕೆ ಸಿಗುವುದಿಲ್ಲ, ಪ್ರತಿ ಫಲಕವನ್ನೂ ಬೇರೆಯಾಗಿ ಅಳತೆಗೆ ಹೊಂದಿಸಬೇಕು. ಜೆಲಟಿನ್‌ಗೆ ಬೂಷ್ಟು ಹಿಡಿಯುತ್ತದೆ, ಗಾಜು ಒಡೆಯುತ್ತದೆ. ಫಿಲ್ಮ್ ನೂರು ವರ್ಷ ಕಾಪಾಡಿದ ದಾಖಲೆಯನ್ನು ಎಲ್ಲರಿಗೂ ತಲುಪಿಸಿದ್ದು ಕೊನೆಗೆ ಡಿಜಿಟಲ್ ಸ್ಕ್ಯಾನರ್ ಎಂಬುದನ್ನೂ ಮರೆಯುವಂತಿಲ್ಲ.

ಸಾಮಾನ್ಯ ಬಳಕೆಯಲ್ಲೂ ಹೀಗೆಯೇ. ಮದುವೆ, ಪತ್ರಿಕೆ, ಆಧಾರ್ ಕಾರ್ಡು, ಬೆಳೆ ಸಮೀಕ್ಷೆ ಇವು ಯಾವುದಕ್ಕೂ ಇಂದು ರೀಲು ಬೇಕಿಲ್ಲ. ಆದ್ದರಿಂದ ಡಿಜಿಟಲ್‌ಗಿಂತ ಚೆನ್ನಾದ ಚಿತ್ರ ಬರುತ್ತದೆ ಎಂಬ ವಾದದ ಮೇಲೆ ಹೊಸ ಫಿಲ್ಮ್ ಕ್ಯಾಮೆರಾವನ್ನು ಸಮರ್ಥಿಸಿದರೆ ಅದು ನಿಲ್ಲುವುದಿಲ್ಲ.

ಕಳಚಿದ ಕೊಂಡಿಗಳು

ಈ ಸರಪಳಿಯ ಹೆಚ್ಚಿನ ಕೊಂಡಿಗಳು ಒಂದು ಕಾಲಕ್ಕೆ ದಕ್ಷಿಣ ಭಾರತದಲ್ಲೇ ಇದ್ದವು. ತೇನಿ ಜಿಲ್ಲೆಯ ಕಂಬಂ ಕಣಿವೆಯಿಂದ ಕುಮುಳಿ ಘಾಟಿ ದಾಟಿ ಪಶ್ಚಿಮಕ್ಕೆ ಇಳಿದರೆ ಕೇರಳದ ಕರಾವಳಿಯಲ್ಲಿ ಆಲಪ್ಪುಳ ಸಿಗುತ್ತದೆ. ಸಂಗೀತ ವಾದ್ಯ ರಿಪೇರಿ ಮಾಡುತ್ತಿದ್ದ ಮನೆತನದ ಕೆ. ಕರುಣಾಕರನ್ ಅಲ್ಲಿ 1940ರ ದಶಕದಲ್ಲಿ ವಾಗೀಶ್ವರಿ ಎಂಬ ಹೆಸರಿನ ಮರದ ಕ್ಯಾಮೆರಾ ತಯಾರಿಸತೊಡಗಿದರು. ತೇಗದ ಮೈ, ಹಿತ್ತಾಳೆಯ ಬಿಗಿತ, ಮಡಿಕೆಯ ತಿದಿ ಇದ್ದ ಈ ಕ್ಯಾಮೆರಾ ದೇಶದ ನೂರಾರು ಸ್ಟುಡಿಯೋಗಳಲ್ಲಿ ನಿಂತಿತ್ತು. 1980ರ ದಶಕದ ಹೊತ್ತಿಗೆ ತಯಾರಿಕೆ ನಿಂತಿತು. ಗುಜರಾತಿನ ವಡೋದರದಲ್ಲಿ ನ್ಯೂ ಇಂಡಿಯಾ ಇಂಡಸ್ಟ್ರೀಸ್ ತಯಾರಿಸಿದ ಆಗ್ಫಾ ಕ್ಲಿಕ್ 3 ಡಬ್ಬಿ ಕ್ಯಾಮೆರಾ ಮಧ್ಯಮವರ್ಗದ ಮನೆಗಳಿಗೆ ಬಂತು.

ಫಿಲ್ಮನ್ನು ಒದಗಿಸಿದ್ದು ಕರ್ನಾಟಕದ ಗಡಿಗೆ ಹೊಂದಿದ ನೀಲಗಿರಿ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 1960ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರಿ ಕಂಪನಿ. ಫ್ರಾನ್ಸಿನ ಬೋಶೆ ಸಂಸ್ಥೆಯ ತಾಂತ್ರಿಕ ನೆರವಿನಿಂದ 1967ರಲ್ಲಿ ಅದು ಉತ್ಪಾದನೆ ಆರಂಭಿಸಿತು. ಕಪ್ಪು-ಬಿಳುಪು ರೀಲು, ಸಿನಿಮಾ ಫಿಲ್ಮ್, ಎಕ್ಸ್-ರೇ ಹಾಳೆಗಳು ‘ಇಂದು’ ಎಂಬ ಹೆಸರಲ್ಲಿ ಮಾರಾಟವಾದವು. ಜನ ಬಣ್ಣದ ಚಿತ್ರಗಳಿಗೆ ಹೊರಳಿದರು, ಆಮದು ಸಲೀಸಾಯಿತು, ಪಾಲಿಯೆಸ್ಟರ್ ಘಟಕದ ಸಾಲ ಬೆಳೆಯಿತು. 1990ರ ದಶಕದಲ್ಲಿ ಕಂಪನಿ ರೋಗಗ್ರಸ್ತವೆಂದು ಘೋಷಿತವಾಯಿತು. 2014ರಲ್ಲಿ ನೌಕರರ ಸ್ವಯಂ ನಿವೃತ್ತಿಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಕಾರ್ಖಾನೆ ಡಿಜಿಟಲ್ ಬರುವ ಮುನ್ನವೇ ಸೊರಗಿತ್ತು. ಡಿಜಿಟಲ್ ಅದರ ಚೇತರಿಕೆಯ ದಾರಿಯನ್ನು ಮುಚ್ಚಿತು.

ಸಿನಿಮಾದಲ್ಲಿಯೂ ಕೊಂಡಿ ಸಡಿಲವಾಯಿತು. ತೇನಿಯ ಅಲ್ಲಿನಗರಂನಲ್ಲಿ ಹುಟ್ಟಿದ ಭಾರತಿರಾಜ ತಮಿಳು ಸಿನಿಮಾವನ್ನು ಸ್ಟುಡಿಯೋದಿಂದ ಹೊರಗೆ, ಹಳ್ಳಿಯ ಬಿಸಿಲಿಗೆ ತಂದರು. ಅವರ ಮೊದಲ ಚಿತ್ರ ‘16 ವಯದಿನಿಲೆ’ (1977) ಬಹುಪಾಲು ಚಿತ್ರೀಕರಣಗೊಂಡಿದ್ದು ಕೊಳ್ಳೇಗಾಲ ಮತ್ತು ಮೈಸೂರು ಸೀಮೆಯಲ್ಲಿ. ಅಂದು ಇಂಥ ಹೊರಾಂಗಣದ ಕೆಲಸವೆಲ್ಲ ಫಿಲ್ಮಿನ ಮೇಲೆಯೇ. ಆದರೆ ಡಿಜಿಟಲ್ ಬಂದ ಮೇಲೆ ಆರಿ, ಪ್ಯಾನವಿಷನ್, ಆಟನ್ ಕಂಪನಿಗಳು ಹೊಸ ಫಿಲ್ಮ್ ಸಿನಿಮಾ ಕ್ಯಾಮೆರಾ ತಯಾರಿಸುವುದನ್ನು ನಿಲ್ಲಿಸಿರುವುದು 2011ರಲ್ಲಿ ಬಹಿರಂಗವಾಯಿತು. 2013ರಲ್ಲಿ ಫ್ಯೂಜಿ ಸಿನಿಮಾ ಫಿಲ್ಮ್ ತಯಾರಿಕೆಯನ್ನೇ ಬಿಟ್ಟಿತು.

ಮತ್ತೆ ಹುಟ್ಟಿದ ಕ್ಯಾಮೆರಾಗಳು

ಇಷ್ಟೆಲ್ಲ ಮುಗಿದ ಮೇಲೂ ಹೊಸ ಫಿಲ್ಮ್ ಕ್ಯಾಮೆರಾಗಳು ಬಂದಿವೆ. ಲೈಕಾ ಕಂಪನಿ 2022ರಲ್ಲಿ ತನ್ನ ಹಳೆಯ ಎಂ6 ಮಾದರಿಯನ್ನು ಮತ್ತೆ ತಯಾರಿಸಿತು. 2024ರಲ್ಲಿ ಹಾಂಗ್‌ಕಾಂಗಿನ ಮಿಂಟ್ ಸಂಸ್ಥೆ ರೋಲೈ 35ಎಎಫ್ ತಂದಿತು. ಅದೇ ವರ್ಷದ ಜೂನ್‌ನಲ್ಲಿ ಜಪಾನಿನ ರಿಕೋ ಕಂಪನಿ ಪೆಂಟ್ಯಾಕ್ಸ್ 17 ಬಿಡುಗಡೆ ಮಾಡಿತು. ಬಿಡುಗಡೆಯ ಹೊತ್ತಿಗೆ ಅಮೆರಿಕದಲ್ಲಿ ಅದರ ಬೆಲೆ ಸುಮಾರು 500 ಡಾಲರ್ ಇತ್ತು.

ಪೆಂಟ್ಯಾಕ್ಸ್ 17ರ ರಚನೆ ಗಮನಿಸಬೇಕಾದದ್ದು. ಸಾಮಾನ್ಯ 35 ಮಿ.ಮೀ. ರೀಲಿನಲ್ಲಿ ಒಂದು ಚಿತ್ರದ ಅಳತೆ 24×36 ಮಿ.ಮೀ. ಈ ಕ್ಯಾಮೆರಾ 17×24 ಮಿ.ಮೀ. ಮಾತ್ರ ಬಳಸುತ್ತದೆ. ಹಾಗಾಗಿ 36 ಚಿತ್ರದ ರೀಲಿನಲ್ಲಿ 72 ಚಿತ್ರ ಸಿಗುತ್ತವೆ. ರೀಲು ದುಬಾರಿಯಾದ ಕಾಲಕ್ಕೆ ಇದು ಲೆಕ್ಕಾಚಾರದ ನಿರ್ಧಾರ. ರೀಲನ್ನು ಬೆರಳಿನಿಂದ ಸನ್ನೆ ಎಳೆದು ಮುಂದೂಡಬೇಕು. ಆ ಸನ್ನೆಯ ಒಳಗಿನ ಹಲ್ಲುಚಕ್ರಗಳ ವಿನ್ಯಾಸಕ್ಕಾಗಿ ಕಂಪನಿ ತನ್ನ ಹಳೆಯ ನಕ್ಷೆಗಳನ್ನೂ ಹಿಂದೆ ಫಿಲ್ಮ್ ಕ್ಯಾಮೆರಾ ಕಟ್ಟಿದ ಎಂಜಿನಿಯರುಗಳ ಅನುಭವವನ್ನೂ ಆಶ್ರಯಿಸಿತು. ಇನ್ನೂ ಹತ್ತಿಪ್ಪತ್ತು ವರ್ಷ ತಡವಾಗಿದ್ದರೆ ಕೇಳಲು ಜನ ಇರುತ್ತಿರಲಿಲ್ಲ.

ತಡವಾದರೆ ಆಗುವ ಕಷ್ಟಕ್ಕೆ ಕೊಡಕ್‌ನ ಸೂಪರ್ 8 ಚಲನಚಿತ್ರ ಕ್ಯಾಮೆರಾ ಉದಾಹರಣೆ. 2016ರ ಆರಂಭದಲ್ಲಿ ಪ್ರದರ್ಶನಗೊಂಡ ಅದು ಮಾರಾಟಕ್ಕೆ ಬಂದದ್ದು 2023ರ ಕೊನೆಯಲ್ಲಿ, 5,000 ಡಾಲರ್‌ಗೂ ಮಿಕ್ಕಿದ ಬೆಲೆಗೆ.

ಬೇಡ ಎನ್ನುವವರ ವಾದ

ಹೊಸದು ಬೇಡ ಎನ್ನಲು ಗಟ್ಟಿ ಕಾರಣಗಳಿವೆ. ಹಳೆಯ ಫಿಲ್ಮ್ ಕ್ಯಾಮೆರಾಗಳು ಬೀರುಗಳಲ್ಲಿ, ಗುಜರಿಯಲ್ಲಿ ಲೆಕ್ಕವಿಲ್ಲದಷ್ಟು ಬಿದ್ದಿವೆ. ಅವನ್ನು ಬಳಸಿದರೆ ಸಾಕು. ಪ್ರತಿ ರೀಲಿಗೂ ಬೆಳ್ಳಿ, ಪ್ಲಾಸ್ಟಿಕ್, ರಾಸಾಯನಿಕ, ನೀರು ಬೇಕು. ಬಳಸಿದ ಹೈಪೊದಲ್ಲಿ ಬೆಳ್ಳಿ ಕರಗಿರುತ್ತದೆ. ಹಾಗೇ ಚರಂಡಿಗೆ ಬಿಟ್ಟರೆ ನೀರಿನ ಜೀವಿಗಳಿಗೆ ವಿಷ. ಬೆಳ್ಳಿಯನ್ನು ಅದರಿಂದ ಮರಳಿ ತೆಗೆಯಬಹುದಾದರೂ ಅದಕ್ಕೆ ವ್ಯವಸ್ಥೆ ಬೇಕು. ರೀಲು ಮತ್ತು ತೊಳೆಸುವ ಖರ್ಚು ಸೇರಿದರೆ ಇದು ಉಳ್ಳವರ ಹವ್ಯಾಸವಾಗುತ್ತದೆ.

ಮೊದಲ ವಾದಕ್ಕೆ ಒಂದು ಮಿತಿ ಇದೆ. 1980 ಮತ್ತು 90ರ ದಶಕಗಳ ಕ್ಯಾಮೆರಾಗಳಲ್ಲಿ ಎಲೆಕ್ಟ್ರಾನಿಕ್ ಭಾಗ ಹೆಚ್ಚು. ಅದು ಸುಟ್ಟರೆ ಬಿಡಿಭಾಗ ಸಿಗುವುದಿಲ್ಲ, ಇನ್ನೊಂದು ಕ್ಯಾಮೆರಾವನ್ನು ಬಿಚ್ಚಿಯೇ ತರಬೇಕು. ಹೀಗೆ ಪ್ರತಿ ರಿಪೇರಿಗೂ ಒಂದು ಕ್ಯಾಮೆರಾ ಕಡಿಮೆಯಾಗುತ್ತದೆ. ಕ್ಯಾಮೆರಾ ಕಡಿಮೆಯಾದಂತೆ ರೀಲಿನ ಮಾರಾಟ ಇಳಿಯುತ್ತದೆ. ಮಾರಾಟ ಒಂದು ಮಟ್ಟಕ್ಕಿಂತ ಇಳಿದರೆ ಫಿಲ್ಮಿಗೆ ಲೇಪ ಹಚ್ಚುವ ದೊಡ್ಡ ಯಂತ್ರವನ್ನು ನಡೆಸುವುದು ಲಾಭಕರವಲ್ಲ. ಹೊಸ ಕ್ಯಾಮೆರಾದ ಮುಖ್ಯ ಸಮರ್ಥನೆ ಇಲ್ಲಿದೆ. ಅದು ಒಬ್ಬ ಗ್ರಾಹಕನಿಗೆ ಮಾರುವ ವಸ್ತುವಷ್ಟೇ ಆಗದೆ, ರೀಲು ಮತ್ತು ಲ್ಯಾಬನ್ನು ಜೀವಂತವಾಗಿಡುವ ಬೇಡಿಕೆಯೂ ಆಗಿರುತ್ತದೆ.

ದಿಂಡಿಗಲ್ ಪಟ್ಟಣಕ್ಕೆ ಈ ಸಂಕಟ ಹೊಸದಲ್ಲ. ಕೈಯಿಂದಲೇ ತಯಾರಾಗುವ ಅಲ್ಲಿನ ಬೀಗ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆಯಿತು. ಅಲಿಗಢದ ಯಂತ್ರನಿರ್ಮಿತ ಬೀಗ ಅಗ್ಗವಾಗಿ ಬಂದ ಮೇಲೆ ಕೈಬೀಗದ ಕಸುಬು ಕುಗ್ಗಿತು. ಮಾನ್ಯತೆಯಿಂದ ಹೆಸರು ಉಳಿಯಬಹುದು. ಅರ ಹಿಡಿದು ಸನ್ನೆಗಳನ್ನು ಹೊಂದಿಸುವ ವಿದ್ಯೆ ಉಳಿಯಬೇಕಾದರೆ ಯಾರಾದರೂ ಹೊಸ ಬೀಗ ಕೊಳ್ಳಲೇಬೇಕು. ಕ್ಯಾಮೆರಾದ ಷಟರಿಗೂ ಇದೇ ಮಾತು ಅನ್ವಯಿಸುತ್ತದೆ.

ಎಷ್ಟು, ಎಂಥವು

ಇವೆಲ್ಲವನ್ನೂ ಕೂಡಿಸಿ ನೋಡಿದರೆ ಹೊಸ ಫಿಲ್ಮ್ ಕ್ಯಾಮೆರಾಗಳಿಗೆ ಜಾಗವಿದೆ, ಆದರೆ ಸಣ್ಣ ಜಾಗ. ಅವು ಕಡಿಮೆ ಸಂಖ್ಯೆಯಲ್ಲಿರಲಿ, ರಚನೆ ಸರಳವಾಗಿರಲಿ, ಬಿಚ್ಚಿ ರಿಪೇರಿ ಮಾಡುವಂತಿರಲಿ, ಬಿಡಿಭಾಗ ದಶಕಗಳ ಕಾಲ ಸಿಗುವಂತಿರಲಿ. ಕೆಟ್ಟರೆ ಎಸೆಯಬೇಕಾದ ಅಗ್ಗದ ಪ್ಲಾಸ್ಟಿಕ್ ಕ್ಯಾಮೆರಾ ಈ ಉದ್ದೇಶಕ್ಕೆ ಒದಗುವುದಿಲ್ಲ. ಭಾರತದ ಮಟ್ಟಿಗೆ ಕ್ಯಾಮೆರಾಕ್ಕಿಂತ ಮೊದಲು ಬೇಕಾದ್ದು ಬೇರೆ ಕೊಂಡಿಗಳು: ಕೈಗೆಟಕುವ ಬೆಲೆಯ ರೀಲು, ಬೆಳ್ಳಿಯನ್ನು ಮರಳಿ ಪಡೆಯುವ ಲ್ಯಾಬ್, ರಿಪೇರಿ ಕಲಿಯುವ ಹುಡುಗರು.

ಇದರ ಜೊತೆಗೆ ಈಗಾಗಲೇ ಇರುವುದನ್ನು ಉಳಿಸುವ ಕೆಲಸವೂ ಇದೆ. ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ನೆಲೆಸಿರುವ ಕನ್ನಡ ಮಾತಿನ ಒಕ್ಕಲಿಗ ಮನೆತನಗಳಿರಲಿ, ದಿಂಡಿಗಲ್ಲಿನ ಅಂಗಡಿಕಾರರಿರಲಿ, ಅವರ ಎಂಬತ್ತರ ದಶಕದ ಮದುವೆ ಆಲ್ಬಂಗಳೆಲ್ಲ ಫಿಲ್ಮಿನಿಂದ ಬಂದವು. ಅಚ್ಚಾದ ಚಿತ್ರ ಬಣ್ಣ ಕಳೆದುಕೊಂಡರೂ ನೆಗೆಟಿವ್ ಚೆನ್ನಾಗಿದ್ದರೆ ಮತ್ತೆ ಅಚ್ಚು ಹಾಕಬಹುದು. ತೇವ ತಾಗದ, ಬಿಸಿಲು ಬೀಳದ ಜಾಗದಲ್ಲಿ, ಕಾಗದದ ಲಕೋಟೆಯಲ್ಲಿ, ಇಸವಿ ಬರೆದು ಇಟ್ಟರೆ ಅದಕ್ಕೆ ಸಾಕು. ಕೊಡೈಕೆನಾಲಿನವರು ಫಲಕಗಳ ವಿಷಯದಲ್ಲಿ ಮಾಡಿದ್ದೂ ಇದನ್ನೇ: ದಿನಾಂಕ ಬರೆದು ಜೋಪಾನವಾಗಿಟ್ಟರು, ಒಳ್ಳೆಯ ಸ್ಕ್ಯಾನರ್ ಬಂದಾಗ ಹೊರತೆಗೆದರು.